ಮನೆವಾರ್ತೆ: ಅಂಗಳದಲ್ಲಿ ನಿಂತ ಫಟಫಟಿ



ಹೋದ ಸಂಚಿಕೆಯಲ್ಲಿ ಮಿಕ್ಸಿಯ ಬ್ಲೇಡು, ಕುಕ್ಕರಿನ ಗ್ಯಾಸ್ಕೆಟ್ಟು ಎಂದು ಬರೆದದ್ದೇ ತಡ, ರಿಪೇರಿಯ ಪತ್ರಗಳು ಸಾಲಾಗಿ ಬರತೊಡಗಿವೆ. ಫ್ಯಾನು, ಗ್ರೈಂಡರು, ಹೊಲಿಗೆ ಮಷೀನು ಎಲ್ಲಕ್ಕೂ ಸರದಿ ಬರುತ್ತದೆ, ಸ್ವಲ್ಪ ತಾಳಿ. ಈ ಸಲ ಬೀದರ ತಾಲ್ಲೂಕಿನ ಬಗದಲ್‌ನಿಂದ ಬಂದ ಒಂದು ಪತ್ರಕ್ಕೆ ಪೂರ್ತಿ ಜಾಗ ಕೊಡಬೇಕಾಗಿದೆ. ಪತ್ರ ಹೀಗಿದೆ:

“ಅಕ್ಕಾ, ನಮ್ಮ ಮನಿಯವರು ಹೊಲಕ್ಕ ಹೋಗಿ ಬರಲಿಕ್ಕ ಒಂದು ಎತ್ತರದ ಫಟಫಟಿ ತಂದಾರ, ಹಳೀದು. ದಿಬ್ಬ ಹತ್ತೋದು, ಹಳ್ಳ ದಾಟೋದು ಅಂತಾದ್ದು. ಎಂಟು ದಿನಕ್ಕೊಮ್ಮೆ ಏನರ ಒಂದು ಕೆಡತದ. ಬೀದರಿಗೆ ಒಯ್ದ್ರ ಒಂದು ದಿನದ ಕೆಲಸ ಹೋಗತದ, ಮಿಸ್ತ್ರಿ ರೊಕ್ಕ ಬ್ಯಾರೆ. ನಮ್ಮ ದೊಡ್ಡ ಮಗಳು ಕಾಲೇಜಿಗೆ ಹೋಗತಾಳ. ಪಾನಾ ಹಿಡಕೊಂಡು ತಾನೇ ಬಿಚ್ಚಲಿಕ್ಕ ಕುಂಡ್ರತಾಳ. ಓಣ್ಯಾಗ ಮಂದಿ ನಗತಾರ. ಹೆಣ್ಣ ಹುಡಿಗಿ ಕೈ ಕರ್ರಗ ಮಾಡ್ಕೊಂಡ್ರ ನಾಳೆ ನೋಡ್ಲಿಕ್ಕ ಬಂದವರು ಏನಂದಾರು ಅಂತ ನಮ್ಮತ್ತಿ ಅಂತಾರ. ಬಿಡಸಲೋ, ಇರಲಿ ಅನ್ನಲೋ?”

ಇಷ್ಟು ಬರೆದು, ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಮಾತು: “ಗಾಡಿ ಚಂದ ಕಾಣಲಿ ಅಂತ ನನ್ನ ಮೈದುನ ಹಿಂದಿನ ಚಕ್ರದ ಜಾಲಿ ಬಿಚ್ಚಿ ಅಟ್ಟಕ್ಕ ಒಗದಾನ.”

ತಾಯಿ, ಈ ಅಂಚಿನ ಮಾತಿಗೇ ಮೊದಲು ಉತ್ತರ. ಆ ಜಾಲಿಯನ್ನು ಅಟ್ಟದಿಂದ ಇಳಿಸಿ. ಈ ಪತ್ರಿಕೆ ಕೈಗೆ ಬಂದ ದಿನವೇ ಇಳಿಸಿ, ಉಳಿದದ್ದನ್ನು ನಾಳೆ ಓದಿದರೂ ನಡೆದೀತು. ನೀವು ಹೊಲಕ್ಕೆ ಹೋಗುವಾಗ, ಸಂತೆಗೆ ಹೋಗುವಾಗ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂರುತ್ತೀರಿ ಅಲ್ಲವೇ? ಸೆರಗು ಎಲ್ಲಿರುತ್ತದೆ? ಕಡ್ಡಿಗಳು ಗಿರ್ರನೆ ತಿರುಗುವ ಚಕ್ರದ ಪಕ್ಕದಲ್ಲೇ. ಗಂಟೆಗೆ 40 ಕಿಲೋಮೀಟರ್ ಹೋಗುವ ಗಾಡಿಯ ಚಕ್ರ ಒಂದು ಸೆಕೆಂಡಿಗೆ ಐದು ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಬಟ್ಟೆಯ ಅಂಚು ಸಿಕ್ಕಿತೆಂದು ನಿಮಗೆ ಗೊತ್ತಾಗಿ, ನೀವು ಕೂಗಿ, ಮುಂದಿನವರು ಕೇಳಿ ಬ್ರೇಕು ಒತ್ತುವಷ್ಟರಲ್ಲಿ ಹತ್ತಾರು ಸುತ್ತು ಆಗಿಹೋಗಿರುತ್ತದೆ. ಸೀರೆ ಹರಿದರೆ ಪುಣ್ಯ ಎನ್ನಬೇಕು. ಹರಿಯದಿದ್ದರೆ ಅದು ಮನುಷ್ಯರನ್ನೇ ಎಳೆಯುತ್ತದೆ. ಕುತ್ತಿಗೆಗೆ ಸುತ್ತಿದ ದುಪಟ್ಟಾ ಆದರಂತೂ ಕೇಳುವುದೇ ಬೇಡ. ಬುರ್ಖಾದ ಅಂಚಿಗೂ ಇದೇ ಮಾತು.

ಇದು ನನ್ನೊಬ್ಬಳ ಹೆದರಿಕೆಯಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಇದಕ್ಕಾಗಿಯೇ ಇದೆ. ಹಿಂದೆ ಕೂರುವವರಿಗೆ ಹಿಡಿ ಇರಬೇಕು, ಕಾಲಿಡುವ ಪೆಡಲು ಇರಬೇಕು, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧ ಭಾಗಕ್ಕಾದರೂ ಮರೆ ಇರಬೇಕು. ನಮ್ಮ ಸೀರೆಯನ್ನು ನೆನಪಿಟ್ಟುಕೊಂಡು ಮಾಡಿದ ಕಾನೂನು ಸಿಗುವುದೇ ಅಪರೂಪ, ಅದನ್ನು ಅಟ್ಟಕ್ಕೆ ಎಸೆಯುವುದೇ?

ಮೈದುನರ ತಪ್ಪೂ ಪೂರ್ತಿ ಅವರದಲ್ಲ. ಅವರು ಚಿತ್ರದಲ್ಲಿ ನೋಡಿದ ಗಾಡಿಗಳಿಗೆ ಜಾಲಿ ಇರುವುದಿಲ್ಲ. ಕೆಲವಕ್ಕೆ ಸೀಟು ಕೂಡ ಇರುವುದಿಲ್ಲ. ಅವು ‘ಟ್ರಯಲ್ಸ್’ ಎಂಬ ಪಂದ್ಯದ ಗಾಡಿಗಳು. ಸ್ಕಾಟ್ಲೆಂಡಿನಲ್ಲಿ 1909ರಿಂದ ನಡೆದು ಬಂದಿರುವ ಆರು ದಿನಗಳ ಪಂದ್ಯ ಇದರಲ್ಲಿ ಹೆಸರುವಾಸಿ. ವೇಗಕ್ಕೆ ಅಲ್ಲಿ ಬೆಲೆಯಿಲ್ಲ. ಬಂಡೆ, ಹಳ್ಳ, ಕೊರಕಲು, ಜಾರುವ ದಿಬ್ಬ ಇವುಗಳ ಮೇಲೆ ನೆಲಕ್ಕೆ ಕಾಲು ಊರದೆ ಗಾಡಿ ದಾಟಿಸಬೇಕು. ಒಮ್ಮೆ ಕಾಲು ಊರಿದರೆ ಒಂದು ಅಂಕ ದಂಡ, ಬಿದ್ದರೆ ಐದು. ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ಕಲ್ಲುಹಾದಿಯಲ್ಲಿ ಹನಿ ಚೆಲ್ಲದಂತೆ ಮನೆಗೆ ಬಂದವರಿಗೆ ಈ ಆಟದ ಮರ್ಮವನ್ನು ನಾನು ವಿವರಿಸಬೇಕಿಲ್ಲ. ಆ ಗಾಡಿಯ ಮೇಲೆ ಒಬ್ಬರೇ ಇರುತ್ತಾರೆ, ಮೈಗಂಟಿದ ಉಡುಪು ಹಾಕಿರುತ್ತಾರೆ. ನಿಮ್ಮದೋ, ಎರಡು ಸವಾರಿ, ಒಂದು ಬುತ್ತಿ, ಒಮ್ಮೊಮ್ಮೆ ಒಂದು ಗೊಬ್ಬರದ ಚೀಲ. ಎರಡಕ್ಕೂ ಒಂದೇ ವೇಷ ಹೊಂದುತ್ತದೆಯೇ ಎಂದು ಮೈದುನರನ್ನೇ ಕೇಳಿ.

ನಮ್ಮ ಕಡೆ ಟ್ರಯಲ್ಸ್ ಎಂದು ಪಂದ್ಯ ಕಟ್ಟಿ ಆಡಿದ್ದು ಕಡಿಮೆ. 2019ರಲ್ಲಿ ‘ಬುಲೆಟ್ ಟ್ರಯಲ್ಸ್’ ಎಂಬ ಹೆಸರಿನಲ್ಲೇ ಒಂದು ಗಾಡಿ ಬಂದು, ಸ್ವಲ್ಪ ದಿನಕ್ಕೆ ನಿಂತೂ ಹೋಯಿತು. ಆದರೆ ಕಲ್ಲುದಾರಿಯಲ್ಲಿ ಗಾಡಿ ಓಡಿಸಿ, ಮನೆಯ ಅಂಗಳದಲ್ಲೇ ಬಿಚ್ಚಿ ಜೋಡಿಸುವ ರೂಢಿ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಗಾಡಿಗಳು ಯಾರಿಗೆ ನೆನಪಿಲ್ಲ? ಒದ್ದು ಚಾಲೂ ಮಾಡುವ ಕೋಲನ್ನೇ ಮುಂದಕ್ಕೆ ಮಡಚಿದರೆ ಗೇರು ಹಾಕುವ ಕೋಲಾಗುತ್ತಿತ್ತು. 1960ರ ದಶಕದ ಆರಂಭದಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಇಂದಿಗೂ ಓಡುತ್ತಿವೆ. ಕಂಪನಿಯೇ ಇಲ್ಲದ ಮೇಲೆ ಓಡಿಸಿದವರು ಯಾರು? ಮನೆಯಲ್ಲಿ ಪಾನಾ ಹಿಡಿದವರೇ ಅಲ್ಲವೇ?

ಇನ್ನು ಮಗಳ ವಿಷಯ. ಬಿಡಿಸಬೇಡಿ. ಕೈ ಕಪ್ಪಾಗುವುದರ ಬಗ್ಗೆ ಅತ್ತೆಯವರಿಗೆ ಒಂದೇ ಮಾತು ಕೇಳಿ: ರೊಟ್ಟಿ ಹೆಂಚು ತಿಕ್ಕಿದರೆ, ಒಲೆಯ ಮೇಲಿಟ್ಟ ಗುಂಡಿ ಬೆಳಗಿದರೆ ಕೈ ಬೆಳ್ಳಗಿರುತ್ತದೆಯೇ? ಆ ಕಪ್ಪಿಗೆ ಯಾವ ವರನ ಕಡೆಯವರೂ ತಕರಾರು ತೆಗೆದದ್ದು ನಾನು ಕೇಳಿಲ್ಲ.

ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಂಬ ಹೆಣ್ಣುಮಗಳು 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದು ಬಂದಳು. ಮರಳು, ಕಲ್ಲು, ಕೆಸರುಗಳ ಮೇಲೆ ಮೋಟಾರ್‌ಸೈಕಲ್ ಓಡಿಸುವ ಪಂದ್ಯ ಅದು. ಸ್ಪೇನ್ ದೇಶದ ಲಾಯಾ ಸಾಂಝ್ ಮಹಿಳೆಯರ ಟ್ರಯಲ್ಸ್ ವಿಶ್ವ ಪ್ರಶಸ್ತಿಯನ್ನು 13 ಸಲ ಗೆದ್ದವಳು. 2015ರ ಡಕಾರ್ ರ‍್ಯಾಲಿಯಲ್ಲಿ ಗಂಡಸರ ನಡುವೆಯೇ ಓಡಿಸಿ ಒಟ್ಟಾರೆ ಒಂಬತ್ತನೆಯವಳಾಗಿ ಬಂದಳು. ಅದೇ ವರ್ಷ ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್ ಆ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯರಾದರು. ಆ ರ‍್ಯಾಲಿಯಲ್ಲಿ ಒಂದು ವಿಭಾಗವಿದೆ: ಸಹಾಯಕ್ಕೆ ಮಿಸ್ತ್ರಿ ಇಲ್ಲ. ದಿನವಿಡೀ ಓಡಿಸಿ ಬಂದು, ರಾತ್ರಿ ತಮ್ಮ ಗಾಡಿಯನ್ನು ತಾವೇ ಬಿಚ್ಚಿ ಸರಿಮಾಡಿಕೊಂಡು, ಬೆಳಿಗ್ಗೆ ಮತ್ತೆ ಹೊರಡಬೇಕು. ನಿಮ್ಮ ಮಗಳು ಅಂಗಳದಲ್ಲಿ ಕಲಿಯುತ್ತಿರುವುದು ಇದನ್ನೇ. ಓಡಿಸುವುದಾದರೆ ಮಾತ್ರ ಹದಿನೆಂಟು ತುಂಬಿರಲಿ, ಲೈಸೆನ್ಸ್ ಇರಲಿ, ತಲೆಗೆ ಹೆಲ್ಮೆಟ್ ಇರಲಿ. ಹಿಂದೆ ಕೂರುವ ನಿಮಗೂ ಹೆಲ್ಮೆಟ್ ಬೇಕು.

ಅವಳನ್ನು ಒಬ್ಬಳೇ ಬಿಡಬೇಡಿ, ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ಹಳೆಯ ಪರಾತ ಇಟ್ಟುಕೊಳ್ಳಿ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಅದರಲ್ಲಿ ಸಾಲಾಗಿ ಇಡಿ. ಸಂಡಿಗೆ ಇಡುವ ಕೈಗೆ ಇದು ಬೇರೆ ಕಲಿಸಬೇಕೇ? ಜೋಡಿಸುವಾಗ ಕೊನೆಯಿಂದ ಹಿಂದಕ್ಕೆ ಬಂದರೆ ಆಯಿತು. ಕೊನೆಗೆ ಒಂದು ವಾಶರು ಉಳಿದರೆ “ಇರಲಿ ಬಿಡು” ಅನ್ನುವಂತಿಲ್ಲ.

ಇಂಥ ಗಾಡಿ ಎಂಟು ದಿನಕ್ಕೊಮ್ಮೆ ಯಾಕೆ ಕೆಡುತ್ತದೆ? ಹೆಚ್ಚಿನ ಪಾಲು ಮಣ್ಣಿನಿಂದ. ಬೀದರ ಸುತ್ತಿನ ನೆಲ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಅದರ ಧೂಳು ನಯವಾಗಿ ಕಂಡರೂ ಕಬ್ಬಿಣಕ್ಕೆ ಉಪ್ಪುಕಾಗದ ಇದ್ದ ಹಾಗೆ. ಎಣ್ಣೆ ಬಿದ್ದಲ್ಲಿ ಕೂತು ಸವೆಸುತ್ತದೆ. ಭಾಲ್ಕಿ, ಔರಾದ ಕಡೆ ಎರೆ ಮಣ್ಣು. ಅದಕ್ಕೆ ಇನ್ನೊಂದು ಗುಣ. ಮಳೆಗಾಲದಲ್ಲಿ ಹಿಟ್ಟಿನಂತೆ ಮೆತ್ತಿಕೊಂಡು, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿ, ಚಕ್ರವನ್ನೇ ಹಿಡಿದು ನಿಲ್ಲಿಸಿಬಿಡುತ್ತದೆ. ಒಣಗಿದರೆ ಕಲ್ಲು. ಆದ್ದರಿಂದ ಹಸಿ ಇರುವಾಗಲೇ ತೆಗೆಯಬೇಕು. ಕುಡುಗೋಲು, ಖುರ್ಪಿ ಹಾಕಿ ಕೆರೆಯಬೇಡಿ. ಬಣ್ಣ ಹೋಗುತ್ತದೆ, ವೈರು ತುಂಡಾಗುತ್ತದೆ. ನಿಮ್ಮ ಕಡೆ ತೊಗರಿ ಕಟ್ಟಿಗೆಗೆ ಏನು ಕೊರತೆ? ಒಂದನ್ನು ತುದಿ ಚಪ್ಪಟೆ ಮಾಡಿ ಇಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಆಯುಧವಿಲ್ಲ.

ತೊಳೆಯುವಾಗ ಇಂಜಿನು ತಣ್ಣಗಾಗಲಿ. ಕಾದ ಹೆಂಚಿಗೆ ತಣ್ಣೀರು ಎರಚಿದರೆ ಏನಾಗುತ್ತದೆಂದು ಬಲ್ಲಿರಿ. ಸೈಲೆನ್ಸರಿನ ಬಾಯಿಗೆ ಒಂದು ಬಟ್ಟೆ ತುರುಕಿ. ಅದು ಕೆಂಪು ಬಟ್ಟೆಯೇ ಆಗಿರಲಿ, ಮರೆತು ಚಾಲೂ ಮಾಡಬಾರದು ನೋಡಿ. ಬಕೆಟ್ಟು, ಚೊಂಬು, ಹಳೆಯ ಬ್ರಶ್ಶು ಸಾಕು. ಪಂಪಿನ ನೀರನ್ನು ಜೋರಾಗಿ ಚಕ್ರದ ನಡುವಿನ ಗುಂಬಕ್ಕೋ ಗಾಳಿ ಡಬ್ಬಿಯ ಬಾಯಿಗೋ ಹೊಡೆದರೆ, ಮಣ್ಣು ಹೊರಗೆ ಬರುವ ಬದಲು ನೀರು ಒಳಗೆ ಹೋಗುತ್ತದೆ. ಒಳಗಿನ ಬೇರಿಂಗಿನ ಗ್ರೀಸು ತೊಳೆದುಹೋಗಿ, ಎರಡು ತಿಂಗಳಲ್ಲಿ ಚಕ್ರ ಅಲ್ಲಾಡತೊಡಗುತ್ತದೆ.

ಗಾಳಿ ಡಬ್ಬಿಯ ಮಾತು ಬಂತು. ಇಂಜಿನಿಗೆ ಉಸಿರಾಟ ಅಲ್ಲಿಂದಲೇ. ಒಳಗೊಂದು ಜರಡಿ ಇರುತ್ತದೆ, ಫಿಲ್ಟರ್ ಅನ್ನುತ್ತಾರೆ. ಅದು ಕಟ್ಟಿಕೊಂಡರೆ ಗಾಡಿ ಏದುಸಿರು ಬಿಡುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಹರಿದಿದ್ದರೆ ಧೂಳು ನೇರವಾಗಿ ಒಳಗೆ ಹೋಗಿ ಪಿಸ್ಟನ್ ತಿನ್ನುತ್ತದೆ. ಆಗ ಖರ್ಚು ಸಾವಿರಗಳಲ್ಲಿ. ಫಿಲ್ಟರಿನಲ್ಲಿ ಎರಡು ಜಾತಿ. ಕಾಗದದ್ದಾದರೆ ತೊಳೆಯುವಂತಿಲ್ಲ, ಹೊಸದೇ ಹಾಕಬೇಕು. ಸ್ಪಂಜಿನದಾದರೆ ಮನೆಯಲ್ಲೇ ಆಗುವ ಕೆಲಸ. ಅದನ್ನು ಪೆಟ್ರೋಲಿನಲ್ಲಿ ಅದ್ದುವ ಅಭ್ಯಾಸ ಕೆಲವರಿಗಿದೆ. ಸ್ಪಂಜಿನ ಅಂಟು ಬಿಡುತ್ತದೆ, ಅದಕ್ಕಿಂತ ಮುಖ್ಯವಾಗಿ ಬೆಂಕಿಯ ಭಯ. ಪೆಟ್ರೋಲಿನ ಆವಿ ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟಬಲ್ಲುದು. ಬಿಸಿನೀರಿಗೆ ಸೋಪಿನ ಪುಡಿ ಹಾಕಿ, ಉಣ್ಣೆಯ ಸ್ವೆಟರ್ ತೊಳೆಯುವ ಹಾಗೆ ಅಂಗೈಯಲ್ಲಿ ಒತ್ತಿ ಒತ್ತಿ ತೊಳೆಯಿರಿ, ಹಿಂಡಿ ತಿರುಚಬೇಡಿ. ನೆರಳಲ್ಲಿ ಪೂರ್ತಿ ಒಣಗಲಿ. ಆಮೇಲೆ ಅದಕ್ಕೆಂದೇ ಸಿಗುವ ಫಿಲ್ಟರ್ ಎಣ್ಣೆಯನ್ನು, ಹೋಳಿಗೆಯ ಕಣಕಕ್ಕೆ ಎಣ್ಣೆ ನಾದಿದಂತೆ, ಎಲ್ಲ ಕಡೆ ಹತ್ತುವ ಹಾಗೆ ನಾದಿ. ತೊಟ್ಟಿಕ್ಕುವಷ್ಟು ಬೇಡ. ಅಡಿಗೆಯ ಎಣ್ಣೆ ಮಾತ್ರ ಹಚ್ಚಬೇಡಿ, ಜಿಡ್ಡುಗಟ್ಟಿ ಉಸಿರೇ ನಿಲ್ಲುತ್ತದೆ. ಧೂಳಿನ ದಿನಗಳಲ್ಲಿ ವಾರಕ್ಕೊಮ್ಮೆ ತೆಗೆದು ನೋಡುವುದು ಒಳ್ಳೆಯದು.

ಚೈನಿನ ಮುಂದೆ ಕೂರುವ ಮೊದಲು ಇಂಜಿನು ಬಂದ್ ಮಾಡಿ, ಕೀಲಿಯನ್ನು ತೆಗೆದು ನಿಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಿ. ಆಮೇಲೆ ಆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಮಗಳು ಬಳೆ ತೆಗೆದಿಡಲಿ, ಜಡೆ ಮೇಲಕ್ಕೆ ಕಟ್ಟಲಿ. ಇಂಜಿನು ಓಡುತ್ತಿರುವಾಗ ಗೇರಿನಲ್ಲಿಟ್ಟು, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವವರಿದ್ದಾರೆ. ಬೇಗ ಆಗುತ್ತದಂತೆ. ಹಲ್ಲುಚಕ್ರ ಬಟ್ಟೆಯ ಹಿಂದೆಯೇ ಬೆರಳನ್ನೂ ಎಳೆದುಕೊಂಡು ಕತ್ತರಿಸುತ್ತದೆ. ಅದೂ ಬೇಗ ಆಗುತ್ತದೆ. ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಅದಿಲ್ಲದ ಗಾಡಿಯಾದರೆ ಒಬ್ಬರು ಹಿಡಿದು ಸ್ವಲ್ಪ ಸ್ವಲ್ಪವೇ ಮುಂದೆ ತಳ್ಳಲಿ. ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಒರೆಸಿ.

ಮೊದಲಾದರೆ ಚಿಮಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಇತ್ತು. ಈಗ ಅದು ಸಿಗುವುದೇ ಕಷ್ಟವಾದ್ದರಿಂದ ಅಂಗಡಿಯಲ್ಲಿ ಚೈನ್ ಕ್ಲೀನರ್ ಎಂದು ಕೇಳಿ ತನ್ನಿ. ಕೊಂಡಿಗಳ ನಡುವೆ ಸಣ್ಣ ರಬ್ಬರಿನ ಉಂಗುರ ಕಾಣುತ್ತಿದ್ದರೆ ತಂತಿಯ ಬ್ರಶ್ಶು, ಪೆಟ್ರೋಲು ಎರಡೂ ತಾಗಿಸಬೇಡಿ. ಒರೆಸಿ ಒಣಗಿದ ಮೇಲೆ ಚೈನಿನ ಒಳಬದಿಗೆ ಹನಿ ಹನಿಯಾಗಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿಬಿಡಿ. ಸುರಿದಷ್ಟೂ ಒಳ್ಳೆಯದು ಎಂಬುದು ತಪ್ಪು, ಸುರಿದಷ್ಟೂ ಧೂಳು ಕೂರುತ್ತದೆ. ಚೈನು ಎಷ್ಟು ಸಡಿಲವಿರಬೇಕೆಂದು ಗಾಡಿಯ ಕೈಪಿಡಿಯಲ್ಲೋ ಹಿಂದಿನ ಚಕ್ರದ ಬಳಿಯ ಚೀಟಿಯಲ್ಲೋ ಬರೆದಿರುತ್ತದೆ. ಕಲ್ಲುದಾರಿಯ ಗಾಡಿಗೆ ಹಿಂದಿನ ಚಕ್ರ ಹೆಚ್ಚು ಮೇಲೆ ಕೆಳಗೆ ಆಡುವುದರಿಂದ ಸಾಮಾನ್ಯ ಗಾಡಿಗಿಂತ ಸ್ವಲ್ಪ ಹೆಚ್ಚೇ ಸಡಿಲ ಬೇಕು. ಬಿಗಿಯಾಗಿದ್ದರೆ ಭದ್ರ ಎಂದು ತಿಳಿದು ಎಳೆದು ಕಟ್ಟಿದರೆ, ಗುಂಡಿಗೆ ಬಿದ್ದ ಕೂಡಲೇ ಚೈನು ಬೇರಿಂಗನ್ನೇ ಎಳೆಯುತ್ತದೆ. ಚೈನಿಗೆ ಕ್ಲಿಪ್ಪಿನ ಕೊಂಡಿ ಇದ್ದರೆ, ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ತಿರುವು ಮುರುವಾದರೆ ದಾರಿಯಲ್ಲಿ ಕಳಚಿ ಬೀಳುತ್ತದೆ.

ಚಕ್ರದ ಕಡ್ಡಿಗಳನ್ನು ನೋಡಲು ಒಂದು ಸ್ಟೀಲ್ ಚಮಚ ಸಾಕು. ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೆ ಒಂದೊಂದೇ ಕಡ್ಡಿಯನ್ನು ತಟ್ಟುತ್ತಾ ಬನ್ನಿ. ಟಿಣ್ ಅಂದರೆ ಸರಿ. ಡಬ್ ಅಂದರೆ ಸಡಿಲ. ಒಂದೆರಡಿದ್ದರೆ ಕಡ್ಡಿಯ ಪಾನಾದಿಂದ ಕಾಲು ಸುತ್ತು ಬಿಗಿ ಮಾಡಬಹುದು. ನಾಲ್ಕೈದು ಸಡಿಲವಾಗಿದ್ದರೆ ಕೈ ಹಚ್ಚಬೇಡಿ, ಚಕ್ರ ಸೊಟ್ಟಗಾಗುತ್ತದೆ, ಮಿಸ್ತ್ರಿಗೇ ಬಿಡಿ.

ಗಾಳಿಯ ಬಗ್ಗೆ ಹುಡುಗರು ಎಲ್ಲಿಂದಲೋ ಒಂದು ವಿದ್ಯೆ ಕಲಿತು ಬಂದಿರುತ್ತಾರೆ. ಟ್ರಯಲ್ಸ್ ಪಂದ್ಯದವರು ಟೈರಿನಲ್ಲಿ ತೀರಾ ಕಡಿಮೆ, ನಾಲ್ಕೈದು ಪೌಂಡಿನಷ್ಟು ಗಾಳಿ ಇಟ್ಟು ಬಂಡೆ ಹತ್ತುತ್ತಾರೆ ಎಂಬುದು ನಿಜ. ಅವರ ಟೈರು ಬೇರೆ, ಗಾಡಿಯ ತೂಕ ಬೇರೆ. ಒಳಗೆ ಟ್ಯೂಬಿರುವ ನಮ್ಮ ಗಾಡಿಗೆ ಹಾಗೆ ಮಾಡಿದರೆ ಟೈರು ಜಾರಿ ವಾಲ್ವು ಕಿತ್ತು ಬರುತ್ತದೆ. ಅದೂ ಬೀದರಿನ ಡಾಂಬರು ರಸ್ತೆಗೆ ಬಂದು ವೇಗ ಹಿಡಿದ ಮೇಲೆ. ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ಇರಲಿ.

ಹಳ್ಳ ದಾಟಿ ಬಂದ ದಿನ ಎರಡು ಕೆಲಸ. ನೀರಿಳಿದ ಕೂಡಲೇ ನಿಧಾನವಾಗಿ ಹೋಗುತ್ತಾ ಬ್ರೇಕನ್ನು ನಾಲ್ಕು ಸಲ ಮೆಲ್ಲಗೆ ಒತ್ತಿ ಒಣಗಿಸಬೇಕು. ಮನೆಗೆ ಬಂದು ಗಾಡಿ ನೆಟ್ಟಗೆ ನಿಲ್ಲಿಸಿ ಇಂಜಿನ್ ಆಯಿಲ್ ನೋಡಬೇಕು. ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಆಯಿಲ್ ಬದಲಿಸುವ ತನಕ ಚಾಲೂ ಮಾಡುವಂತಿಲ್ಲ. ನೀರಲ್ಲಿ ಮುಳುಗಿ ಅಲ್ಲೇ ನಿಂತುಹೋದ ಗಾಡಿಗೆ ಬಟನ್ ಒತ್ತಿ ಒತ್ತಿ ಜೀವ ಬರಿಸಲು ಹೋದರೆ ಒಳಗಿನ ಕಬ್ಬಿಣ ಬಾಗುತ್ತದೆ. ಅದನ್ನು ತಳ್ಳಿಕೊಂಡೇ ಮನೆಗೆ ತರಬೇಕು.

ಬ್ರೇಕು ಮನೆಯಲ್ಲಿ ನೋಡುವ ವಸ್ತು, ಬಿಚ್ಚುವ ವಸ್ತುವಲ್ಲ. ಇದರಲ್ಲಿ ನನ್ನದು ಹಟ. ಪ್ಯಾಡು ಎಷ್ಟು ಸವೆದಿದೆ, ಡಬ್ಬಿಯಲ್ಲಿ ದ್ರವ ಗೆರೆಗಿಂತ ಕೆಳಗಿದೆಯೇ, ಹಿಡಿ ಒತ್ತಿದರೆ ಗಟ್ಟಿ ಸಿಗುತ್ತದೆಯೋ ಸ್ಪಂಜಿನಂತೆ ಒಳಗೆ ಹೋಗುತ್ತದೆಯೋ, ಇಷ್ಟು ಮಗಳು ದಿನಾ ನೋಡಲಿ. ಆ ದ್ರವ ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ. ಅದಕ್ಕೇ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಅದೂ ಡಬ್ಬಿಯ ಮುಚ್ಚಳದ ಮೇಲೆ ಬರೆದ ಜಾತಿಯದನ್ನೇ. “ಎಣ್ಣೆ ಎಲ್ಲಾ ಒಂದೇ” ಎಂದು ಬೇರೆ ಎಣ್ಣೆ ಹೊಯ್ದರೆ ಒಳಗಿನ ರಬ್ಬರ್ ಉಬ್ಬಿ, ಇಳಿಜಾರಿನಲ್ಲಿ ಬ್ರೇಕು ಕೈಕೊಡುತ್ತದೆ. ಚೈನಿಗೆ ಎಣ್ಣೆ ಬಿಡುವಾಗ ಪಕ್ಕದ ಡಿಸ್ಕಿನ ಮೇಲೆ ಒಂದು ಹಳೆಯ ಟವೆಲ್ ಹೊದಿಸಿ. ಬೀದರಿಗೆ ಹೋಗುವ ಖರ್ಚು ಉಳಿಸುವುದಾದರೆ ಫಿಲ್ಟರಿನಲ್ಲಿ, ಚೈನಿನಲ್ಲಿ, ತೊಳೆಯುವುದರಲ್ಲಿ ಉಳಿಸಿ. ಬ್ರೇಕಿಗೆ ಮಿಸ್ತ್ರಿ ಬೇಕೇ ಬೇಕು. ಅವರು ಬಿಚ್ಚುವಾಗ ಮಗಳು ಪಕ್ಕದಲ್ಲಿ ನಿಂತು ನೋಡಲಿ, ಸಂಕೋಚ ಬೇಡ.

ಇನ್ನೊಂದು, ಚಳಿಗೆ ಬಾಗಿಲು ಹಾಕಿಕೊಂಡು ಪಡಸಾಲೆಯಲ್ಲಿ ಇಂಜಿನು ಓಡಿಸಿ ನೋಡುವವರಿದ್ದಾರೆ. ಅದರ ಹೊಗೆಯಲ್ಲಿ ಬಣ್ಣ, ವಾಸನೆ ಇಲ್ಲದ ವಿಷವಿದೆ. ನಿದ್ದೆ ಬಂದಂತೆ ಬಂದು ಪ್ರಾಣ ಹೋಗುತ್ತದೆ. ಗಾಡಿಯ ಕೆಲಸ ಏನಿದ್ದರೂ ಅಂಗಳದಲ್ಲಿ, ಮಕ್ಕಳನ್ನು ದೂರವಿಟ್ಟು.

ಜಾಲಿ ಮತ್ತೆ ಕೂರಿಸುವಾಗ ಹಳೆಯ ಬೋಲ್ಟು ಸಿಗದಿದ್ದರೆ ತಂತಿ ಸುತ್ತಿ ಕಟ್ಟಬೇಡಿ. ಸಡಿಲವಾದ ಜಾಲಿ ತಾನೇ ಚಕ್ರಕ್ಕೆ ಸಿಗುತ್ತದೆ. ಅಳತೆಯ ಬೋಲ್ಟು ಬೀದರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಮಾದರಿಗೆ ಇನ್ನೊಂದು ಬೋಲ್ಟು ಕೈಯಲ್ಲಿ ಒಯ್ಯಿರಿ. ಕೂರಿಸಿದ ಮೇಲೆ ಚಕ್ರ ತಿರುಗಿಸಿ, ಒಬ್ಬರು ಹಿಂದೆ ಕೂತು, ಎಲ್ಲಿಯೂ ತಾಗುತ್ತಿಲ್ಲವೆಂದು ನೋಡಿ.

ಮತ್ತು ಅತ್ತೆಯವರ ಸಮಾಧಾನಕ್ಕೆ ಕರಿ ತೆಗೆಯುವ ಉಪಾಯ. ಕೈಗೆ ಮೊದಲು ನೀರು ಮುಟ್ಟಿಸಬೇಡಿ. ಒಂದು ಚಮಚ ಶೇಂಗಾ ಎಣ್ಣೆಗೆ ಒಂದು ಚಮಚ ಸಕ್ಕರೆ ಹಾಕಿ ಉಗುರಿನ ಸಂದಿಗೆಲ್ಲ ಚೆನ್ನಾಗಿ ಉಜ್ಜಿ, ಆಮೇಲೆ ಕಡಲೆಹಿಟ್ಟು ಹಚ್ಚಿ ತಿಕ್ಕಿ, ಕೊನೆಗೆ ಸೋಪು. ಬಟ್ಟೆಗೆ ಗ್ರೀಸು ಹತ್ತಿದ್ದರೆ ಚಮಚದ ಅಂಚಿನಿಂದ ಕೆರೆದು ತೆಗೆದು, ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ಒಣಗಿದ ಬಟ್ಟೆಯ ಮೇಲೇ ಹಚ್ಚಿ ಅರ್ಧ ಗಂಟೆ ಬಿಡಿ, ನಂತರ ಒಗೆಯಿರಿ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಮಾಡಬೇಡಿ, ಕಾವಿಗೆ ಅದು ಅಲ್ಲೇ ಕೂತುಬಿಡುತ್ತದೆ. ರೇಷ್ಮೆಯ ಮೇಲೆ ಇದನ್ನು ಮಾಡುವಂತಿಲ್ಲ. ಆದರೆ ರೇಷ್ಮೆ ಉಟ್ಟು ಯಾರು ಚೈನು ಒರೆಸಲು ಕೂರುತ್ತಾರೆ?